ಮಕ್ಕಳ ಜೊತೆ ಹಬ್ಬಕ್ಕೆ ಊರಿಗೆ: ಯಾವ ಹೊತ್ತಿನ ವಿಮಾನ, ಮಡಿಲೋ ಸೀಟೋ, ದೇವನಹಳ್ಳಿಯಿಂದ ಮುಂದೆ ಹೇಗೆ?

ತುಮಕೂರಿಗೆ ವಿಮಾನ ಬರುವುದಿಲ್ಲ. ಕೋಲಾರಕ್ಕೂ ಇಲ್ಲ, ಚಿಕ್ಕಬಳ್ಳಾಪುರಕ್ಕೂ ಇಲ್ಲ. ಈ ಮೂರು ಊರಿನವರು ದೂರದಿಂದ ಹಾರಿ ಬಂದರೆ ಇಳಿಯುವುದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಚಿಕ್ಕಬಳ್ಳಾಪುರ ಸುಮಾರು 30 ಕಿಲೋಮೀಟರ್. ಕೋಲಾರ 70ರ ಆಸುಪಾಸು. ತುಮಕೂರು 85ರಿಂದ 90. ಟಿಕೆಟ್ ಹುಡುಕಲು ಕೂರುವ ಮೊದಲು ಈ ಮೂರರಲ್ಲಿ ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ವಿಮಾನದಲ್ಲಿ ಮಕ್ಕಳು ಹೇಗೋ ಇದ್ದುಬಿಡುತ್ತಾರೆ. ಅವರಿಗೆ ಸಾಕಾಗಿ ಹೋಗುವುದು ಇಳಿದ ಮೇಲಿನ ಈ ದಾರಿಯಲ್ಲಿ.

ನಾವು ಇರುವುದು ಪುಣೆಯಲ್ಲಿ. ನನ್ನ ತವರು ತುಮಕೂರು, ಅತ್ತೆ ಮನೆ ಚಿಕ್ಕಬಳ್ಳಾಪುರ. ಮಗಳಿಗೆ ಆರು ವರ್ಷ. ಮಗನಿಗೆ ಇನ್ನೇನು ಎರಡು ತುಂಬುತ್ತದೆ. ಇಲ್ಲಿನ ಶಾಲೆಗಳಲ್ಲಿ ನಮ್ಮ ಕಡೆ ಹಾಗೆ ದಸರಾಗೆ ಉದ್ದದ ರಜೆ ಇಲ್ಲ, ಇರುವುದು ದೀಪಾವಳಿಗೆ. ಹಾಗಾಗಿ ನಾವು ಬರುವುದು ದೀಪಾವಳಿಗೇ. ಎಲ್ಲರೂ ಆಗಲೇ ಹೊರಡುವುದರಿಂದ ಟಿಕೆಟ್ ದರ ಏರಿರುತ್ತದೆ. ದರ ಏರಿದಾಗ ಕಣ್ಣು ತಾನಾಗಿ ಕಡಿಮೆ ಬೆಲೆಯ ವಿಮಾನದ ಕಡೆ ಹೋಗುತ್ತದೆ, ಅಲ್ವಾ? ಹೋದ ವರ್ಷ ನನಗೆ ಆದದ್ದು ಅದೇ.

ರಾತ್ರಿ ಎಂಟೂವರೆಯ ವಿಮಾನ ತೆಗೆದುಕೊಂಡೆ. ಮೂರು ಟಿಕೆಟ್‌ಗೆ ಸೇರಿ ಮೂರು ಸಾವಿರ ಉಳಿಯಿತು. ಮಗನಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ, ಮಡಿಲಲ್ಲೇ ಕೂರುವವನು. ವಿಮಾನ ಹೊರಟಿದ್ದೇ ಐವತ್ತು ನಿಮಿಷ ತಡ. ದೇವನಹಳ್ಳಿಯಲ್ಲಿ ಇಳಿದಾಗ ಹತ್ತು ಮುಕ್ಕಾಲು ದಾಟಿತ್ತು. ಬ್ಯಾಗ್ ಬಂದು, ಕಾರು ಸಿಕ್ಕು, ಹೊರಗೆ ಬರುವಷ್ಟರಲ್ಲಿ ಹನ್ನೊಂದೂವರೆ. ದೊಡ್ಡಬಳ್ಳಾಪುರ ದಾಟಿ ದೊಡ್ಡಬೆಳವಂಗಲದ ಹತ್ತಿರ ಮಗಳು ಎದ್ದು ಕೂತು, "ಅಮ್ಮಾ, ಹೊಟ್ಟೆ" ಅಂದಳು. ಕಾರು ನಿಲ್ಲಿಸುವಷ್ಟು ಹೊತ್ತೂ ಇರಲಿಲ್ಲ. ಅವಳ ಫ್ರಾಕು, ನನ್ನ ಸೀರೆ ಸೆರಗು, ಸೀಟು ಎಲ್ಲಾ ವಾಂತಿ. ರಸ್ತೆ ಪಕ್ಕ ಕತ್ತಲಲ್ಲಿ ನಿಂತು, ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತಿರುವಾಗ ಅವಳ ಬಟ್ಟೆ ಬದಲಿಸಿದೆ. ಬೇರೆ ಬಟ್ಟೆ ಡಿಕ್ಕಿಯಲ್ಲಿದ್ದ ದೊಡ್ಡ ಸೂಟ್‌ಕೇಸಿನ ತಳದಲ್ಲಿತ್ತು. ಮನೆ ಮುಟ್ಟಿದಾಗ ಒಂದೂವರೆ.

ಅಮ್ಮ ಹೊರಗಿನ ದೀಪ ಹಾಕಿಕೊಂಡು ಜಗುಲಿಯಲ್ಲೇ ಕೂತಿದ್ದರು. "ಖಾಲಿ ಹೊಟ್ಟೇಲಿ ಮಲಗಿಸ್ಬೇಡ ಕಣೇ, ಎರಡು ತುತ್ತು ಮೊಸರನ್ನ ತಿನ್ನಿಸು" ಅಂದರು. ಮಗಳು ತಿನ್ನಲಿಲ್ಲ. ಬೆಳಗಾದರೆ ನರಕ ಚತುರ್ದಶಿ. ಹಂಡೆ ತೊಳೆದು, ನೀರು ತುಂಬಿ, ಅದರ ಕುತ್ತಿಗೆಗೆ ಹೂ ಸುತ್ತಿ ಅಮ್ಮ ಇಟ್ಟಿದ್ದರು. ಮೊಮ್ಮಕ್ಕಳಿಗೆ ಬೆಳಗಿನ ಜಾವ ತಾನೇ ಎಣ್ಣೆ ಒತ್ತಿ ನೀರು ಹಾಕಬೇಕು ಅಂತ ಒಂದು ತಿಂಗಳಿಂದ ಫೋನಿನಲ್ಲಿ ಹೇಳುತ್ತಿದ್ದರು. ಮಗಳು ಹನ್ನೊಂದು ಗಂಟೆವರೆಗೆ ಏಳಲೇ ಇಲ್ಲ. ಎದ್ದಾಗ ಮೈ ಬಿಸಿ ಇತ್ತು.

ಆ ಮೂರು ಸಾವಿರ ಉಳಿಸಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ಅದಾದ ಮೇಲೆ ನಾನು ವಿಮಾನದ ಹೊತ್ತನ್ನು ಮನೆ ಬಾಗಿಲಿನಿಂದ ಹಿಂದಕ್ಕೆ ಲೆಕ್ಕ ಹಾಕಲು ಶುರು ಮಾಡಿದೆ. ಮಕ್ಕಳು ಎಷ್ಟು ಹೊತ್ತಿಗೆ ಅಜ್ಜಿ ಮನೆ ಮುಟ್ಟಿದರೆ ಚೆನ್ನ? ಅಲ್ಲಿಂದ ಹಿಂದಕ್ಕೆ ಬನ್ನಿ.

ಯಾವ ಹೊತ್ತಿನ ವಿಮಾನ

ಪುಣೆಯಿಂದ ಬೆಂಗಳೂರಿಗೆ ಸುಮಾರು ಒಂದೂವರೆ ಗಂಟೆ ಹಾರಾಟ. ದೆಹಲಿಯಿಂದ ಎರಡು ಮುಕ್ಕಾಲು ಗಂಟೆ. ಹೊರಡುವ ಎರಡು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಇಳಿದ ಮೇಲೆ ಬ್ಯಾಗಿಗೆ, ಮಕ್ಕಳ ಬಾತ್‌ರೂಮಿಗೆ, ಗಾಡಿ ಹತ್ತುವುದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟುಕೊಳ್ಳಿ. ತುಮಕೂರಿಗೆ ಹಗಲು ಹೊತ್ತು ಎರಡು ಗಂಟೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಪುಣೆಯವರಿಗೂ ಏಳು ಗಂಟೆಗೆ ಕಡಿಮೆ ಆಗುವುದಿಲ್ಲ. ಈ ಏಳು ಗಂಟೆ ಮಗುವಿನ ದಿನದ ಯಾವ ಭಾಗದಲ್ಲಿ ಬೀಳುತ್ತದೆ ಅನ್ನುವುದೇ ಮುಖ್ಯ.

ಬೆಳಗಿನ ಜಾವದ ವಿಮಾನ ಸಾಮಾನ್ಯವಾಗಿ ಸ್ವಲ್ಪ ಅಗ್ಗ, ಮತ್ತೆ ಹೊತ್ತಿಗೆ ಸರಿಯಾಗಿ ಹೊರಡುವುದೂ ಜಾಸ್ತಿ. ಒಂದೇ ವಿಮಾನ ದಿನವಿಡೀ ಊರಿಂದ ಊರಿಗೆ ಹಾರುತ್ತಿರುತ್ತದೆ. ಮಧ್ಯಾಹ್ನ ಎಲ್ಲೋ ಅರ್ಧ ಗಂಟೆ ತಡವಾದರೆ ಅದು ಕೂಡುತ್ತಾ ಕೂಡುತ್ತಾ ರಾತ್ರಿಯ ವಿಮಾನಕ್ಕೆ ಬಂದು ಬೀಳುತ್ತದೆ. ಬೆಳಗಿನದಕ್ಕೆ ಆ ಹಳೆ ಬಾಕಿ ಇರುವುದಿಲ್ಲ. ಆದರೆ ಆರು ಗಂಟೆ ವಿಮಾನಕ್ಕೆ ಮಕ್ಕಳನ್ನು ಎರಡೂವರೆಗೆ ಎಬ್ಬಿಸಬೇಕು. ಕೈಗೂಸಾದರೆ ನಿದ್ದೆಯಲ್ಲೇ ಎತ್ತಿಕೊಂಡು ಹೊರಡಬಹುದು. ಆರು ವರ್ಷದವರನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ. ಅರ್ಧ ನಿದ್ದೆಯ ಮಗು ಇಡೀ ದಿನ ಕಿರಿಕಿರಿ ಮಾಡುತ್ತದೆ. ಸಂಕ್ರಾಂತಿಗೋ ಕ್ರಿಸ್‌ಮಸ್ ರಜೆಗೋ ಬರುವವರು ಇನ್ನೊಂದು ನೋಡಬೇಕು. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಕಡೆ ಬೆಳಗಿನ ಹೊತ್ತು ಮಂಜು ದಟ್ಟವಾಗಿ ಕವಿಯುತ್ತದೆ. ನಂದಿಬೆಟ್ಟದ ಕೆಳಗೆ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಂಜಿದ್ದರೆ ವಿಮಾನಗಳು ತಡವಾಗುತ್ತವೆ, ಒಮ್ಮೊಮ್ಮೆ ಬೇರೆ ಊರಿಗೆ ತಿರುಗುವುದೂ ಉಂಟು. ಆ ಎರಡು ತಿಂಗಳು ಬೆಳಗ್ಗೆ ಎಂಟರ ಒಳಗೆ ಇಲ್ಲಿ ಇಳಿಯುವ ವಿಮಾನವನ್ನು ಮಕ್ಕಳ ಜೊತೆ ನಾನು ತೆಗೆದುಕೊಳ್ಳುವುದಿಲ್ಲ.

ಒಂಬತ್ತರಿಂದ ಹನ್ನೊಂದರ ನಡುವೆ ಹೊರಡುವುದು ನನ್ನ ಆಯ್ಕೆ. ಮಕ್ಕಳು ಹೆಚ್ಚುಕಡಿಮೆ ತಮ್ಮ ಹೊತ್ತಿಗೇ ಏಳುತ್ತಾರೆ. ಹೊಟ್ಟೆಗೆ ತಿಂಡಿ ಬಿದ್ದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಇಳಿದರೆ ಚಿಕ್ಕವನ ಮಧ್ಯಾಹ್ನದ ನಿದ್ದೆ ಸರಿಯಾಗಿ ಕಾರಿನಲ್ಲಿ ಬೀಳುತ್ತದೆ. ಪುಣೆಯಿಂದ ಹೊರಟ ತುಮಕೂರಿನವರೂ ಮೂರೂವರೆಯ ಒಳಗೆ ಮನೆಯಲ್ಲಿರುತ್ತಾರೆ. ಅಜ್ಜಿ ತಾತನ ಜೊತೆ ಆಡಲು ಒಂದು ಸಂಜೆ ಇಡೀ ಸಿಗುತ್ತದೆ, ರಾತ್ರಿ ಮಕ್ಕಳು ತಮ್ಮ ಪಾಡಿಗೆ ಮಲಗುತ್ತಾರೆ. ಈ ಹೊತ್ತಿನ ಟಿಕೆಟ್‌ಗೆ ಒಂದು ಸಾವಿರ ಜಾಸ್ತಿ ಇದ್ದರೂ ನಾನು ಕೊಡುತ್ತೇನೆ.

ಮಧ್ಯಾಹ್ನ ಎರಡು ಮೂರು ಗಂಟೆಯದು ಪರವಾಗಿಲ್ಲ, ಕೋಲಾರ ಮತ್ತು ಚಿಕ್ಕಬಳ್ಳಾಪುರದವರಿಗೆ. ತುಮಕೂರಿನವರು ದಾಬಸ್‌ಪೇಟೆ ಮುಟ್ಟುವಾಗ ಕತ್ತಲಾಗಿರುತ್ತದೆ, ಅಷ್ಟೇ.

ರಾತ್ರಿಯದು ಚಿಕ್ಕಬಳ್ಳಾಪುರದವರಿಗೆ ಮಾತ್ರ ಆದೀತು. 30 ಕಿಲೋಮೀಟರ್, ಬಳ್ಳಾರಿ ರಸ್ತೆ ಹಿಡಿದರೆ ನೇರ. ತುಮಕೂರಿಗೆ ಹೋಗಬೇಕಿದ್ದು ರಾತ್ರಿಯ ಟಿಕೆಟ್ಟೇ ಸಿಕ್ಕಿದರೆ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ನೆಂಟರ ಮನೆಯಲ್ಲಿ ಉಳಿದು ಬೆಳಗ್ಗೆ ಹೊರಡಿ. ನಮಗೆ ಈಗ ಅದೇ ಅಭ್ಯಾಸ. ರಾತ್ರಿ ಇಳಿಯುವುದಾದರೆ ಮೊದಲು ಅತ್ತೆ ಮನೆ, ಹಗಲು ಇಳಿಯುವುದಾದರೆ ಮೊದಲು ತವರು. ಈ ಮಾತನ್ನು ಎರಡೂ ಮನೆಯವರಿಗೆ ಮೊದಲೇ ಹೇಳಿಬಿಟ್ಟಿದ್ದೇವೆ. ಯಾರ ಮನೆಗೆ ಮೊದಲು ಅನ್ನುವ ಮುನಿಸು ಅದರಿಂದ ತಪ್ಪಿತು.

ತಡವಾದರೆ ಸುಮ್ನೆ ಕೂರಬೇಡಿ. ಎರಡೂವರೆ ಗಂಟೆ ಒಳಗಿನ ಹಾರಾಟ ಎರಡು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾದರೆ ಪ್ರಯಾಣಿಕರಿಗೆ ಊಟ ತಿಂಡಿ ಕೊಡಬೇಕು ಅನ್ನುವುದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮ. ದೆಹಲಿಯಂಥ ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ ಅದು ಮೂರು ಗಂಟೆ. ಕೌಂಟರಿಗೆ ಹೋಗಿ ಕೇಳಿ, ಮಕ್ಕಳಿದ್ದಾರೆ ಅಂತ ಹೇಳಿ.

ನೇರ ವಿಮಾನ ಇದ್ದರೆ ನಡುವೆ ಇಳಿದು ಹತ್ತುವ ಟಿಕೆಟ್ ಎಷ್ಟೇ ಅಗ್ಗ ಇದ್ದರೂ ಬೇಡ. ಏರುವುದು ಎರಡು ಸಲ, ಇಳಿಯುವುದು ಎರಡು ಸಲ. ಕಿವಿನೋವೂ ಎರಡು ಸಲ.

ಮಡಿಲೋ, ಸೀಟೋ

ಎರಡು ವರ್ಷದ ಒಳಗಿನ ಮಗುವಿಗೆ ಬೇರೆ ಸೀಟು ಬೇಕಾಗಿಲ್ಲ. ದೊಡ್ಡವರ ಮಡಿಲಲ್ಲಿ ಕೂರಿಸಿಕೊಂಡು ಹೋಗಬಹುದು, ಅದಕ್ಕೆ ಒಂದು ಸಣ್ಣ ಮೊತ್ತ ಇರುತ್ತದೆ. ಎರಡು ತುಂಬಿದ ಮೇಲೆ ಸೀಟು ಬೇಕೇ ಬೇಕು. ದರ ಹೆಚ್ಚುಕಡಿಮೆ ದೊಡ್ಡವರಷ್ಟೇ. ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. ವಯಸ್ಸನ್ನು ನೋಡುವುದು ಪ್ರಯಾಣದ ದಿನಕ್ಕೆ. ಹೋಗುವಾಗ ಎರಡು ತುಂಬಿರದೆ, ಊರಲ್ಲಿರುವಾಗ ಹುಟ್ಟಿದಹಬ್ಬ ಆಗಿಬಿಟ್ಟರೆ, ಬರುವಾಗ ಮಗುವಿಗೆ ಪೂರ್ತಿ ಟಿಕೆಟ್ ಬೇಕು. ಈ ವರ್ಷ ನಮ್ಮ ಮಗನಿಗೆ ಹಾಗೇ ಆಗುತ್ತದೆ. ಅದಕ್ಕೆ ಹೋಗುವ ಟಿಕೆಟ್ ಬೇರೆ, ಬರುವ ಟಿಕೆಟ್ ಬೇರೆ ಮಾಡಿಸಿದ್ದೇವೆ.

ವಯಸ್ಸಿಗೆ ದಾಖಲೆ ಕೇಳುತ್ತಾರೆ. ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ಐದು ವರ್ಷದ ಒಳಗಿನ ಮಕ್ಕಳಿಗೆ ಕೊಡುವ ನೀಲಿ ಬಣ್ಣದ ಬಾಲ ಆಧಾರ್ ಇದ್ದರೂ ಆಗುತ್ತದೆ. ದಾಖಲೆ ಇಲ್ಲದಿದ್ದರೆ ಪೂರ್ತಿ ದರ ಕಟ್ಟಿಸಿಕೊಳ್ಳುವುದುಂಟು. ಫೋನಿನಲ್ಲಿ ಒಂದು ಪ್ರತಿ, ಕೈಚೀಲದಲ್ಲಿ ಒಂದು ಪ್ರತಿ ಇರಲಿ.

ಹಾಗಾದರೆ ಎರಡರ ಒಳಗಿನ ಮಗುವಿಗೂ ದುಡ್ಡು ಕೊಟ್ಟು ಸೀಟು ತೆಗೆದುಕೊಳ್ಳಬೇಕಾ? ಅದು ಮಗು ನಡೆಯುತ್ತದೆಯೋ ಇಲ್ಲವೋ ಅನ್ನುವುದರ ಮೇಲಿದೆ. ನಡೆಯಲು ಬಾರದ ಮಗು ಮಡಿಲಲ್ಲಿ ನೆಮ್ಮದಿಯಾಗಿರುತ್ತದೆ. ಹಾಲು ಕುಡಿಯುತ್ತದೆ, ಮಲಗುತ್ತದೆ. ನಡೆಯಲು ಕಲಿತ ಮಗು ಕೂರುವುದಿಲ್ಲ. ಮುಂದಿನ ಸೀಟಿನ ಬೆನ್ನಿಗೆ ಒದೆಯುತ್ತದೆ, ತಟ್ಟೆ ಇಳಿಸಿ ಎತ್ತಿ ಮಾಡುತ್ತದೆ, ಹತ್ತು ಸಲ ಮೇಲೇರಿ ಕೆಳಗಿಳಿಯುತ್ತದೆ. ಒಂದೂವರೆ ಗಂಟೆಗೆ ಇದನ್ನು ತಾಳಿಕೊಳ್ಳಬಹುದು. ದೆಹಲಿಯಲ್ಲಿರುವ ನನ್ನ ಅಕ್ಕ ಒಂದೂಮುಕ್ಕಾಲು ವರ್ಷದ ಮಗಳನ್ನು ಎರಡು ಮುಕ್ಕಾಲು ಗಂಟೆ ಮಡಿಲಲ್ಲಿ ಇಟ್ಟುಕೊಂಡು ಬಂದಳು. ಮನೆಗೆ ಬಂದವಳು ಎರಡು ದಿನ ಸೊಂಟ ಹಿಡಿದುಕೊಂಡೇ ಓಡಾಡಿದಳು. ಅಷ್ಟು ದೂರಕ್ಕೆ, ಆ ವಯಸ್ಸಿಗೆ, ಕೈಲಾದರೆ ಸೀಟು ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ.

ಮಡಿಲಲ್ಲಿ ಕೂರಿಸಿಕೊಂಡರೆ ಸಿಬ್ಬಂದಿ ಒಂದು ಪುಟ್ಟ ಬೆಲ್ಟ್ ಕೊಡುತ್ತಾರೆ. ಅದನ್ನು ನಿಮ್ಮ ಬೆಲ್ಟಿನೊಳಗೆ ಪೋಣಿಸಿ ಮಗುವಿನ ಸೊಂಟಕ್ಕೆ ಹಾಕಬೇಕು. ಕೊಡಲು ಮರೆತಿದ್ದರೆ ಕೇಳಿ ಪಡೆಯಿರಿ. ಕೈಗೂಸಿರುವ ಇಬ್ಬರು ತಾಯಂದಿರು ಒಟ್ಟಿಗೆ ಪ್ರಯಾಣ ಮಾಡುತ್ತಿದ್ದರೆ ಒಂದೇ ಸಾಲಿನ ಮೂರು ಸೀಟಿನಲ್ಲಿ ಕೂರಲು ಬಿಡುವುದಿಲ್ಲ. ಮೂರು ಸೀಟಿನ ಮೇಲೆ ಆಮ್ಲಜನಕದ ಮುಖವಾಡ ಸಾಮಾನ್ಯವಾಗಿ ನಾಲ್ಕೇ ಇರುವುದರಿಂದ ಈ ನಿಯಮ.

ದೊಡ್ಡ ಮಗು ಎಲ್ಲಿ ಕೂರುತ್ತದೋ ಅನ್ನುವ ಭಯ ಈಗ ಬೇಡ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅದೇ ಟಿಕೆಟ್‌ನಲ್ಲಿರುವ ಅಪ್ಪ ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕು ಅಂತ 2024ರ ಏಪ್ರಿಲ್‌ನಲ್ಲಿ ನಿರ್ದೇಶನಾಲಯ ವಿಮಾನ ಕಂಪನಿಗಳಿಗೆ ಹೇಳಿದೆ. "ಅದೇ ಟಿಕೆಟ್‌ನಲ್ಲಿ" ಅನ್ನುವ ಮಾತು ನೆನಪಿರಲಿ. ಅಪ್ಪನ ಟಿಕೆಟ್ ಆಫೀಸಿನಿಂದ ಬೇರೆ, ಮಕ್ಕಳದ್ದು ಅಮ್ಮನ ಜೊತೆ ಬೇರೆ ಮಾಡಿಸಿದರೆ ಇದು ನಡೆಯುವುದಿಲ್ಲ. ನಾವು ಮಗಳನ್ನು ಕಿಟಕಿಗೆ, ಮಗನನ್ನು ಎತ್ತಿಕೊಂಡ ನನ್ನನ್ನು ನಡುವೆ, ಮನೆಯವರನ್ನು ಓಡಾಡುವ ದಾರಿ ಪಕ್ಕ ಕೂರಿಸುವ ಹಾಗೆ ನೋಡಿಕೊಳ್ಳುತ್ತೇವೆ. ಬಿಸಿ ಕಾಫಿ, ಟೀ ಹೋಗುವುದು ಆ ದಾರಿಯಲ್ಲೇ. ಅಲ್ಲಿ ಮಗುವಿನ ಕೈ ಕಾಲು ಚಾಚಿಕೊಂಡಿರಬಾರದು.

ಕಿವಿನೋವು: ಏರುವಾಗಲ್ಲ, ಇಳಿಯುವಾಗ

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್. ವಿಮಾನ ಹಾರುವಾಗ ಒಳಗಿನ ಗಾಳಿಯ ಒತ್ತಡ ಅದಕ್ಕಿಂತ ಎತ್ತರದ ಬೆಟ್ಟದ ಮೇಲಿದ್ದ ಹಾಗಿರುತ್ತದೆ, ಹೆಚ್ಚೆಂದರೆ 2400 ಮೀಟರ್ ಎತ್ತರದಲ್ಲಿ ಇರುವಷ್ಟು. ಇಳಿಯುವಾಗ ಅಷ್ಟೂ ಒತ್ತಡ ಅರ್ಧ ಗಂಟೆಯೊಳಗೆ ಬದಲಾಗುತ್ತದೆ. ಮೂಗಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಹೋಗುವ ಸಣ್ಣ ಕೊಳವೆ ತೆರೆದುಕೊಂಡರೆ ಒತ್ತಡ ಸರಿಹೋಗುತ್ತದೆ. ಮಕ್ಕಳಲ್ಲಿ ಆ ಕೊಳವೆ ಕಿರಿದು. ನೆಗಡಿ ಇದ್ದರೆ ಕಟ್ಟಿಕೊಂಡೂ ಇರುತ್ತದೆ. ನುಂಗಿದಾಗ, ಅಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ.

ಹಾಗಾಗಿ ಹಾಲು ಕುಡಿಸಬೇಕಾದದ್ದು ಇಳಿಯಲು ಶುರುವಾದಾಗ. ಮೊದಲ ಸಲ ನಾನು ವಿಮಾನ ಏರುತ್ತಿದ್ದ ಹಾಗೇ ಮಗನಿಗೆ ಹೊಟ್ಟೆ ತುಂಬಾ ಕುಡಿಸಿಬಿಟ್ಟೆ. ಇಳಿಯುವಾಗ ಅವನಿಗೆ ಹಸಿವಿಲ್ಲ. ಬಾಟಲಿ ತಳ್ಳಿ, ಕಿವಿ ಹಿಡಿದುಕೊಂಡು ಚೀರಿದ. ಈಗ ಸಿಬ್ಬಂದಿ ಇಳಿಯುವ ಸೂಚನೆ ಕೊಡುವವರೆಗೆ ಅರ್ಧ ಬಾಟಲಿ ಉಳಿಸಿಕೊಂಡಿರುತ್ತೇನೆ. ಆಗ ಮಲಗಿದ್ದರೂ ಎಬ್ಬಿಸುತ್ತೇನೆ. ನಿದ್ದೆಯಲ್ಲಿ ಮಗು ನುಂಗುವುದು ಕಡಿಮೆ. ಮಗಳಿಗೆ ಒಂದು ಚೂರು ಬೆಲ್ಲದ ಚಿಕ್ಕಿ ಕೊಡುತ್ತೇನೆ, ನಿಧಾನಕ್ಕೆ ಅಗಿಯುತ್ತಾ ಕಿಟಕಿಯಲ್ಲಿ ನಂದಿಬೆಟ್ಟ ಹುಡುಕುತ್ತಾಳೆ.

ಮಗುವಿಗೆ ಬೇಕಾದ ಹಾಲು, ಬಿಸಿನೀರು, ಆಹಾರವನ್ನು ಆ ಪ್ರಯಾಣಕ್ಕೆ ಸಾಕಾಗುವಷ್ಟು ತಪಾಸಣೆಯಲ್ಲಿ ಬಿಡುತ್ತಾರೆ. ಹೆದರಿ ಚೆಲ್ಲಬೇಡಿ. ಜೋರು ನೆಗಡಿಯೋ ಕಿವಿ ಸೋಂಕೋ ಇದ್ದರೆ ಹೊರಡುವ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಮಲಗಲಿ ಅಂತ ಸಿರಪ್ ಕೊಡುವವರನ್ನು ನೋಡಿದ್ದೇನೆ. ಡಾಕ್ಟರ್ ಹೇಳದೆ ದಯವಿಟ್ಟು ಅದನ್ನು ಕೊಡಬೇಡಿ.

ದೇವನಹಳ್ಳಿಯಿಂದ ಮನೆಗೆ

ಇಲ್ಲಿ ನಾಲ್ಕು ದಾರಿ ಇದೆ: ನಿಲ್ದಾಣದಲ್ಲೇ ಸಿಗುವ ಟ್ಯಾಕ್ಸಿ, ಊರಿನಿಂದ ಕರೆಸುವ ಕಾರು, ಮನೆಯವರೇ ಬರುವುದು, ಬಸ್ಸು ಅಥವಾ ರೈಲು.

ಬಸ್ಸಿನಿಂದ ಶುರು ಮಾಡುತ್ತೇನೆ. ಅಗ್ಗ ಅದೇ. ನಿಲ್ದಾಣದಿಂದ ಬಿಎಂಟಿಸಿಯ ವಾಯು ವಜ್ರ ಹತ್ತಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ತುಮಕೂರು ಅಥವಾ ಕೋಲಾರದ ಬಸ್ ಹಿಡಿಯಬಹುದು. ಒಬ್ಬರೇ ಆದರೆ ನಾನೂ ಅದನ್ನೇ ಮಾಡುತ್ತೇನೆ. ಎರಡು ಮಕ್ಕಳು, ಮೂರು ಬ್ಯಾಗ್ ಇಟ್ಟುಕೊಂಡು ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತುವುದು ಬೇಡ. ಚಿಕ್ಕಬಳ್ಳಾಪುರದ ಬಸ್ಸುಗಳು ಬಳ್ಳಾರಿ ಹೆದ್ದಾರಿಯಲ್ಲಿ ನೇರ ಹೋಗುತ್ತವೆ, ನಿಲ್ದಾಣದ ಬಾಗಿಲಿಗೆ ಬರುವುದಿಲ್ಲ. ಹೆದ್ದಾರಿವರೆಗೆ ನೀವೇ ಬರಬೇಕು. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರದ ರೈಲು ಮಾರ್ಗದಲ್ಲಿ ವಿಮಾನ ನಿಲ್ದಾಣಕ್ಕೆಂದೇ ಒಂದು ಪುಟ್ಟ ನಿಲುಗಡೆ 2021ರ ಜನವರಿಯಿಂದ ಇದೆ. ಗಾಡಿಗಳು ಕಡಿಮೆ. ನಿಮ್ಮ ಹೊತ್ತಿಗೆ ಕೂಡಿ ಬಂದರೆ ಅದೃಷ್ಟ. ಅದನ್ನೇ ನಂಬಿ ಟಿಕೆಟ್ ಮಾಡಿಸಬೇಡಿ.

ನಿಲ್ದಾಣದ ಟ್ಯಾಕ್ಸಿ ಎಷ್ಟು ತಡವಾದರೂ ಸಿಗುತ್ತದೆ, ಅದು ದೊಡ್ಡ ಅನುಕೂಲ. ಆದರೆ ಊರಾಚೆಯ ಬಾಡಿಗೆಗೆ ಎಲ್ಲರೂ ಒಪ್ಪುವುದಿಲ್ಲ, ದಾರಿಯೂ ಕೆಲವರಿಗೆ ಗೊತ್ತಿರುವುದಿಲ್ಲ. ಒಮ್ಮೆ ಒಬ್ಬರು ಮ್ಯಾಪ್ ನೋಡಿಕೊಂಡು ನಮ್ಮನ್ನು ಹೆಬ್ಬಾಳಕ್ಕೆ ಕರೆದುಕೊಂಡು ಹೋಗಿ, ನೆಲಮಂಗಲದ ಮೇಲೆ ಸುತ್ತಿಸಿ ತಂದರು. ಸಂಜೆ ಹೊತ್ತು ಮೂರು ಗಂಟೆ ಹಿಡಿಯಿತು. ತುಮಕೂರಿನವರಾದರೆ ಹತ್ತುವ ಮೊದಲೇ ಹೇಳಿಬಿಡಿ: ದೇವನಹಳ್ಳಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ. ಅದು ರಾಷ್ಟ್ರೀಯ ಹೆದ್ದಾರಿ 648. ಅದೇ ಹೆದ್ದಾರಿ ಇನ್ನೊಂದು ಕಡೆಗೆ ಹೊಸಕೋಟೆಗೆ ಹೋಗುತ್ತದೆ, ಕೋಲಾರದವರು ಆ ಕಡೆ ಹಿಡಿದರಾಯಿತು. ಎರಡೂ ಊರಿನವರು ಬೆಂಗಳೂರಿನ ಒಳಗೆ ಕಾಲಿಡಬೇಕಾಗಿಲ್ಲ.

ಊರಿನಿಂದ ಕಾರು ಕರೆಸಿದರೆ ಹೋಗಿ ಬರುವ ಎರಡೂ ಕಡೆಯ ಬಾಡಿಗೆ ಕೊಡಬೇಕು. ದುಬಾರಿ. ಆದರೂ ಮಕ್ಕಳಿರುವಾಗ ನಾನು ಆರಿಸುವುದು ಇದನ್ನೇ. ಅಪ್ಪನಿಗೆ ಹತ್ತು ವರ್ಷದಿಂದ ಗೊತ್ತಿರುವ ಡ್ರೈವರ್ ಬರುತ್ತಾರೆ. "ಅಕ್ಕ, ಪಾಪು ಮಲಗಿದೆ, ನಿಧಾನಕ್ಕೆ ಹೋಗ್ತೀನಿ ಬಿಡಿ" ಅನ್ನುತ್ತಾರೆ, ಹಾಗೇ ಓಡಿಸುತ್ತಾರೆ. ಎಲ್ಲಿ ನಿಲ್ಲಿಸಿದರೆ ಶೌಚಾಲಯ ಸ್ವಚ್ಛವಾಗಿದೆ ಅಂತ ಅವರಿಗೆ ಗೊತ್ತು. ಕ್ಯಾತ್ಸಂದ್ರಕ್ಕೆ ಬಂದರೆ ಕೇಳದೇ ನಿಲ್ಲಿಸುತ್ತಾರೆ. ಮಕ್ಕಳು ಕಾರಿಳಿದು, ಕಾಲು ನೀಡಿ, ಒಂದು ತಟ್ಟೆ ಇಡ್ಲಿಯನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಾರೆ. ಅಷ್ಟು ಹೊತ್ತಿಗೆ ಅವರಿಗೆ ಊರು ಬಂತು ಅಂತ ಗೊತ್ತಾಗಿರುತ್ತದೆ.

ಅಪ್ಪನೋ ತಮ್ಮನೋ ಕಾರು ತಂದು ಕಾಯುವುದು ಖುಷಿ ಕೊಡುತ್ತದೆ ನಿಜ. ಹಗಲಾದರೆ ಬರಲಿ. ಅರವತ್ತು ದಾಟಿದ ಅಪ್ಪನನ್ನು ರಾತ್ರಿ 90 ಕಿಲೋಮೀಟರ್ ಓಡಿಸಿಕೊಂಡು ಬಾ, ವಿಮಾನ ತಡವಾದರೆ ಅಲ್ಲೇ ಕಾಯಿ ಅನ್ನುವುದಕ್ಕೆ ನನಗೆ ಮನಸ್ಸಾಗುವುದಿಲ್ಲ.

ಯಾವ ಕಾರಾದರೂ ಸರಿ, ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳಬೇಡಿ. ಹದಿನಾಲ್ಕರ ಒಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಬೇಕು ಅಂತ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಬಾಡಿಗೆ ಕಾರುಗಳಲ್ಲಿ ಮಕ್ಕಳ ಸೀಟು ಸಿಗುವುದು ಅಪರೂಪ. ತಮ್ಮನ ಹಳೆಯದೊಂದು ಇತ್ತು, ಡ್ರೈವರ್ ಈಗ ಬರುವಾಗ ಅದನ್ನು ಮನೆಯಿಂದಲೇ ಹಾಕಿಕೊಂಡು ಬರುತ್ತಾರೆ. ಮತ್ತೆ ಪ್ರತಿ ಮಗುವಿನ ಒಂದು ಜೊತೆ ಬಟ್ಟೆ, ಒಂದು ಟವೆಲ್, ನಾಲ್ಕು ಪ್ಲಾಸ್ಟಿಕ್ ಕವರ್ ಕೈಚೀಲದ ಮೇಲ್ಗಡೆಯೇ ಇರಲಿ. ದೊಡ್ಡಬೆಳವಂಗಲದ ರಾತ್ರಿ ನನಗೆ ಇದನ್ನು ಕಲಿಸಿತು.

ವಿಮಾನವೇ ಬೇಕಾ?

ಪುಣೆ, ಕೊಲ್ಹಾಪುರದ ಕಡೆ ಇರುವ ತುಮಕೂರಿನವರು ಈ ಪ್ರಶ್ನೆ ಕೇಳಿಕೊಳ್ಳಲೇಬೇಕು. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ 48 ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ಶಿರಾ ದಾಟಿ ನಮ್ಮೂರಿಗೇ ಬರುತ್ತದೆ. ರಾತ್ರಿ ಸ್ಲೀಪರ್ ಬಸ್ ಹತ್ತಿದರೆ ಬೆಳಗ್ಗೆ ಶಿರಾ ಗೇಟ್ ಹತ್ತಿರ ಇಳಿಯಬಹುದು. ಅಲ್ಲಿಂದ ಮನೆಗೆ ಆಟೋ. ದೇವನಹಳ್ಳಿಯ ಸುತ್ತು ಇಲ್ಲವೇ ಇಲ್ಲ. ಎಂಟು ಹತ್ತು ವರ್ಷ ದಾಟಿದ ಮಕ್ಕಳಿಗೆ ಇದು ಚೆನ್ನ. ಚಿಕ್ಕವರಿಗೆ ಬೇಡ ಅನ್ನುತ್ತೇನೆ. ಬೇಕೆಂದಾಗ ಬಾತ್‌ರೂಮಿಗೆ ನಿಲ್ಲಿಸುವುದಿಲ್ಲ, ಮೇಲಿನ ಬರ್ತಿನಿಂದ ಉರುಳುವ ಭಯ ಬೇರೆ.

ರೈಲು ನನಗೆ ಇಷ್ಟ. ಮೀರಜ್, ಹುಬ್ಬಳ್ಳಿ, ಅರಸೀಕೆರೆ ಮೇಲೆ ಬರುವ ಕೆಲವು ಗಾಡಿಗಳು ತುಮಕೂರಿನಲ್ಲೇ ನಿಲ್ಲುತ್ತವೆ. 17, 18 ಗಂಟೆ ಹಿಡಿಯುತ್ತದೆ. ಆದರೆ ಮಕ್ಕಳು ಓಡಾಡಬಹುದು, ಮಲಗಬಹುದು, ಶೌಚಾಲಯ ಇದೆ, ಬ್ಯಾಗಿನ ತೂಕಕ್ಕೆ ವಿಮಾನದಷ್ಟು ಬಿಗಿ ಇಲ್ಲ. ದುಡ್ಡಿನಲ್ಲೂ ದೊಡ್ಡ ವ್ಯತ್ಯಾಸ. ಐದು ವರ್ಷದ ಒಳಗಿನವರಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರವರಿಗೆ ಬರ್ತ್ ಬೇಕಿದ್ದರೆ ಪೂರ್ತಿ ದರ, ಬೇಡವಾದರೆ ಅರ್ಧ. ಅಡಚಣೆ ಒಂದೇ. ಹಬ್ಬದ ಬರ್ತ್ ಸಿಗಬೇಕಾದರೆ ಮುಂಗಡ ಬುಕಿಂಗ್ ತೆರೆದ ದಿನವೇ ಕೂರಬೇಕು. ಒಂದು ವಾರ ರಜೆ ಇದ್ದರೆ ರೈಲು, ನಾಲ್ಕೇ ದಿನ ಇದ್ದರೆ ವಿಮಾನ, ಹೀಗೆ ನಾವು ತೀರ್ಮಾನ ಮಾಡುತ್ತೇವೆ.

ದೆಹಲಿಯವರಿಗೆ ಈ ಮಾತು ಹೊಂದುವುದಿಲ್ಲ. ರಾಜಧಾನಿ ರೈಲಿಗೇ 33 ಗಂಟೆಗೂ ಮೇಲೆ, ಕರ್ನಾಟಕ ಎಕ್ಸ್‌ಪ್ರೆಸ್ ಆದರೆ ಇನ್ನೂ ಜಾಸ್ತಿ. ಪುಟ್ಟ ಮಕ್ಕಳಿದ್ದರೆ ವಿಮಾನವೇ ಸರಿ.

ವಾಪಸ್ ಬರುವಾಗ

ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಲಗೇಜು, ಕೈಯಲ್ಲಿ 7 ಕಿಲೋ. ಹೋಗುವಾಗ ಡೈಪರ್ ಮೂಟೆ ಹೊರಬೇಡಿ, ತುಮಕೂರಿನ ಅಂಗಡಿಗಳಲ್ಲಿ ಎಲ್ಲಾ ಸಿಗುತ್ತದೆ. ಆ ಜಾಗವನ್ನು ಬರುವಾಗಿನ ಸಾಮಾನಿಗೆ ಇಟ್ಟುಕೊಳ್ಳಿ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಿ. ಹುರಿಟ್ಟು, ಚಕ್ಕುಲಿ, ನಿಪ್ಪಟ್ಟಿಗೆ ತೊಂದರೆ ಇಲ್ಲ.

ಕೊಬ್ಬರಿ ಮಾತ್ರ ತರುವ ಹಾಗಿಲ್ಲ. ತಿಪಟೂರು ಸೀಮೆಯವರಿಗೆ ಇದು ಬೇಸರದ ಮಾತು. ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ ಅದನ್ನು ವಿಮಾನದ ಅಪಾಯಕಾರಿ ಸಾಮಾನಿನ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕೈಯಲ್ಲೂ ಇಲ್ಲ, ಒಳಗೆ ಹಾಕುವ ಬ್ಯಾಗಿನಲ್ಲೂ ಇಲ್ಲ. ಹೋದ ವರ್ಷ ನನಗೆ ಇದು ಗೊತ್ತಿರಲಿಲ್ಲ. ಹೊರಡುವ ಹೊತ್ತಿಗೆ ಅಮ್ಮ ಮಡಿಲು ತುಂಬಿದ್ದರು. ಅಕ್ಕಿ, ಬೆಲ್ಲ, ಎಲೆ ಅಡಿಕೆ, ಎರಡು ಉಂಡೆ ಕೊಬ್ಬರಿ. ಹಾಗೇ ಗಂಟು ಕಟ್ಟಿ ಸೂಟ್‌ಕೇಸಿನಲ್ಲಿ ಇಟ್ಟಿದ್ದೆ. ದೇವನಹಳ್ಳಿಯಲ್ಲಿ ನನ್ನ ಹೆಸರು ಕರೆದರು. ಎಲ್ಲರೆದುರು ಬ್ಯಾಗ್ ಬಿಚ್ಚಿಸಿ, ಗಂಟು ಬಿಚ್ಚಿಸಿ, ಕೊಬ್ಬರಿ ತೆಗೆದು ಪಕ್ಕದ ಡಬ್ಬಕ್ಕೆ ಹಾಕಿದರು. ಅವರ ಕೆಲಸ ಅವರು ಮಾಡಿದರು. ನನಗೆ ಮಾತ್ರ ವಿಮಾನದಲ್ಲಿ ಕೂತ ಮೇಲೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಈ ಸಲ ಅಮ್ಮನಿಗೆ ಮೊದಲೇ ಹೇಳಿದ್ದೇನೆ. "ಕೊಬ್ಬರಿ ಇಲ್ದೆ ಮಡಿಲು ತುಂಬ್ತಾರೇನೇ?" ಅಂದರು. ಆಮೇಲೆ ಅವರೇ ದಾರಿ ಹುಡುಕಿದರು. ಮಡಿಲಿಗೆ ಎಲ್ಲಾ ಹಾಕುತ್ತಾರಂತೆ. ನಾನು ದೇವರಿಗೆ ನಮಸ್ಕಾರ ಮಾಡಿ ಎದ್ದ ಮೇಲೆ ಕೊಬ್ಬರಿಯನ್ನು ಬೇರೆ ತೆಗೆದಿಟ್ಟು, ತಮ್ಮನ ಕೈಲಿ ಲಾರಿ ಪಾರ್ಸೆಲ್‌ಗೆ ಹಾಕಿಸುತ್ತಾರಂತೆ. ಊರಿಗೆ ಹೋಗುವ ಟಿಕೆಟ್ ಬೆಳಗ್ಗೆ ಒಂಬತ್ತೂವರೆಯದು. ಎಣ್ಣೆ ಸ್ನಾನಕ್ಕೆ ಎರಡು ದಿನ ಮೊದಲೇ ಊರಲ್ಲಿರುತ್ತೇವೆ.